ಉಸಿರು ಎಣಿಸಲು ಒಂದು ನಿಮಿಷ ಕೊಡಿ

ಮಾನ್ಯ ಸಂಪಾದಕರಿಗೆ,

ಮಳೆ ಹಿಡಿದಾಗಿನಿಂದ ನಗರದಲ್ಲಿ ಜ್ವರ, ಕೆಮ್ಮು ಹೆಚ್ಚಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿಗಳು ಬರುತ್ತಿವೆ. ಅವುಗಳ ನಡುವೆ ನ್ಯುಮೋನಿಯಾದ ಹೆಸರೂ ಆಗಾಗ ಕಾಣಿಸುತ್ತದೆ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನಾನು ಈ ಪತ್ರದಲ್ಲಿ ಒಂದೇ ಒಂದು ವಿಷಯವನ್ನು ಓದುಗರ, ವೈದ್ಯರ ಮತ್ತು ಆರೋಗ್ಯ ಇಲಾಖೆಯವರ ಮುಂದಿಡಲು ಬಯಸುತ್ತೇನೆ. ಜ್ವರ ಮತ್ತು ಕೆಮ್ಮು ಇರುವ ರೋಗಿಯ ಉಸಿರನ್ನು ಒಂದು ಪೂರ್ತಿ ನಿಮಿಷ ಯಾರೂ ಎಣಿಸುತ್ತಿಲ್ಲ. ಜ್ವರ ನೋಡುತ್ತಾರೆ, ನಾಡಿ ನೋಡುತ್ತಾರೆ, ಬಿಪಿ ನೋಡುತ್ತಾರೆ, ತೂಕವನ್ನೂ ನೋಡುತ್ತಾರೆ. ಶ್ವಾಸಕೋಶದ ಕಾಯಿಲೆಗೆ ಬಂದವರ ಉಸಿರನ್ನು ಮಾತ್ರ ನೋಡುವುದಿಲ್ಲ. ಈ ಮಾತನ್ನು ಬೇರೆಯವರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಕಳೆದ ವರ್ಷ ನನ್ನ ಮನೆಯಲ್ಲೇ ನಾನೇ ಈ ತಪ್ಪನ್ನು ಮಾಡಿದೆ.

ಕಳೆದ ಆಷಾಢದಲ್ಲಿ ನನ್ನ ಅಕ್ಕನಿಗೆ ನೆಗಡಿಯಾಯಿತು. ಅವಳಿಗೆ ಆಗ 71 ವರ್ಷ. ಹಳೆಯ ಸಕ್ಕರೆ ಕಾಯಿಲೆ ಇದೆ. ನಾಲ್ಕು ದಿನ ಮೂಗು ಸೋರಿ, ಗಂಟಲು ಕಟ್ಟಿ, ಇನ್ನೇನು ವಾಸಿಯಾಯಿತು ಎನ್ನುವಾಗ ಐದನೆಯ ದಿನ ಚಳಿ ಹಿಡಿದು ಜ್ವರ ಏರಿತು. ಕೆಮ್ಮಿದರೆ ಬಲಪಕ್ಕೆಯಲ್ಲಿ ಸೂಜಿ ಚುಚ್ಚಿದಂತಾಗುತ್ತದೆ ಎಂದಳು. ಅವಳ ಮಗ ಹತ್ತಿರದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಸಂಜೆಯ ಹೊತ್ತಿನ ನೂಕುನುಗ್ಗಲು. ವೈದ್ಯರು ಸ್ವೆಟರಿನ ಮೇಲಿಂದಲೇ ಸ್ಟೆತಸ್ಕೋಪನ್ನು ಬೆನ್ನಿಗೆ ಎರಡು ಕಡೆ ಇಟ್ಟು ತೆಗೆದು, ಎದೆಯಲ್ಲಿ ಕಫ ಕಟ್ಟಿದೆ ಎಂದು ಹೇಳಿ, ಜ್ವರದ ಮಾತ್ರೆಯನ್ನೂ ಕೆಮ್ಮಿನ ಔಷಧಿಯನ್ನೂ ಬರೆದುಕೊಟ್ಟರು. ಮರುದಿನ ಗುಣ ಕಾಣದಿದ್ದಾಗ ಹುಡುಗ ಗಾಬರಿಯಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿದ. ಕೋವಿಡ್ ಕಾಲದಲ್ಲಿ ಮನೆಮಾತಾದ ಆಂಟಿಬಯೋಟಿಕ್ ಅಜಿತ್ರೋಮೈಸಿನ್‌ನ ಮೂರು ಮಾತ್ರೆಗಳ ಪಟ್ಟಿಯನ್ನು ಅಂಗಡಿಯವರು ಚೀಟಿ ಕೇಳದೆ ಕೊಟ್ಟರು. ಆ ದಿನ ಸಂಜೆ ನಾನೂ ಹೋಗಿದ್ದೆ. ಹಣೆ ಮುಟ್ಟಿ ನೋಡಿದೆ, ಗಂಜಿ ಕುಡಿಸಿದೆ, ದಿಂಬು ಸರಿಮಾಡಿದೆ, ಮನೆಗೆ ಬಂದೆ. ಅವಳ ಎದೆ ಏರಿಳಿಯುವುದನ್ನು ಕಣ್ಣಾರೆ ಕಂಡರೂ ಎಣಿಸಬೇಕೆಂದು ನನಗೆ ಹೊಳೆಯಲಿಲ್ಲ.

ಎರಡು ದಿನ ಕಳೆದ ಮೇಲೆ, "ಚಿಕ್ಕಮ್ಮ, ಅಮ್ಮನಿಗೆ ಜ್ವರ ಬಿಟ್ಟಿದೆ, ಮಳೆಯಲ್ಲಿ ನೀವು ಬರಬೇಡಿ" ಎಂದು ಹುಡುಗ ಫೋನು ಮಾಡಿದ. ಮನಸ್ಸು ತಡೆಯದೆ ರಾತ್ರಿ ಎಂಟರ ಸುಮಾರಿಗೆ ಹೋದೆ. ಮೈ ಬೆಚ್ಚಗಿರಲಿಲ್ಲ, ನಿಜ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ, "ಅಮ್ಮ, ಹಂಡೆಗೆ ಉರಿ ಹಾಕಿದ್ಯಾ?" ಎಂದಳು. ನಮ್ಮ ತಾಯಿ ತೀರಿಕೊಂಡು ಮೂವತ್ತು ವರ್ಷವಾಯಿತು. ಹಂಡೆಯೊಲೆ ಇದ್ದ ಆ ಮನೆಯೂ ಈಗಿಲ್ಲ. ನಿದ್ದೆಗಣ್ಣಿನಲ್ಲಿ ಆಡಿದ ಮಾತು ಎಂದು ಹುಡುಗ ಹೇಳಿದ. ಆಗ ನನ್ನೊಳಗಿನ ಶುಶ್ರೂಷಕಿ ಎಚ್ಚತ್ತಳು. ನಾಡಿ ನೋಡುವವಳಂತೆ ಅವಳ ಮಣಿಕಟ್ಟನ್ನು ಹಿಡಿದುಕೊಂಡು, ಗೋಡೆ ಗಡಿಯಾರದ ಸೆಕೆಂಡು ಮುಳ್ಳನ್ನು ಒಂದು ಕಣ್ಣಿನಿಂದಲೂ ಅವಳ ಸೆರಗು ಏರಿಳಿಯುವುದನ್ನು ಇನ್ನೊಂದು ಕಣ್ಣಿನಿಂದಲೂ ನೋಡುತ್ತ ಎಣಿಸಿದೆ. ನಿಮಿಷಕ್ಕೆ 34 ಉಸಿರು. ಆರೋಗ್ಯವಂತ ವಯಸ್ಕರು ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಕೋವಿಡ್ ಸಮಯದಲ್ಲಿ ಕೊಂಡ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರು ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು, ಸೆಲ್ ಸತ್ತಿತ್ತು. ಟಿವಿ ರಿಮೋಟಿನ ಸೆಲ್ ತೆಗೆದು ಹಾಕಿ ನೋಡಿದಾಗ ಬಂದ ಅಂಕಿ 88, ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು.

ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದಲ್ಲಿ ಉಸಿರೇ ಏಕೆ ಮೊದಲ ಸಾಕ್ಷಿಯಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಎಣಿಸುವುದರ ಬೆಲೆ ಗೊತ್ತಾಗುತ್ತದೆ. ಶ್ವಾಸಕೋಶದ ತುದಿಗಳಲ್ಲಿ ಜೇನುಹುಟ್ಟಿನ ಕಣ್ಣುಗಳಿಗಿಂತ ಎಷ್ಟೋ ಪಟ್ಟು ಸಣ್ಣದಾದ ಗಾಳಿಗೂಡುಗಳಿರುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ನ್ಯುಮೊಕಾಕಸ್ ಎಂದು ಕರೆಯುವ ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ ಆಗಲಿ, ಹೀಮೋಫಿಲಸ್ ಆಗಲಿ, ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಕುಡಿತದ ಚಟವಿರುವವರಲ್ಲಿ ಹೆಚ್ಚಾಗಿ ಕಾಣುವ ಕ್ಲೆಬ್ಸಿಯೆಲ್ಲಾ ಆಗಲಿ, ಈ ಗೂಡುಗಳಿಗೆ ಇಳಿದು ಬೆಳೆಯತೊಡಗಿದರೆ, ಅದನ್ನು ಎದುರಿಸಲು ದೇಹ ಕಳಿಸುವ ದ್ರವ ಮತ್ತು ಬಿಳಿ ರಕ್ತಕಣಗಳಿಂದಲೇ ಗೂಡುಗಳು ತುಂಬಿಕೊಳ್ಳುತ್ತವೆ. ಗಾಳಿ ಇರಬೇಕಾದ ಜಾಗದಲ್ಲಿ ಕೀವು ನಿಲ್ಲುತ್ತದೆ. ಅಲ್ಲಿ ಹಾದುಹೋಗುವ ರಕ್ತ ಬರಿಗೈಯಲ್ಲಿ ಹಿಂದಿರುಗುತ್ತದೆ. ಕೊರತೆಯನ್ನು ತುಂಬಿಕೊಳ್ಳಲು ದೇಹಕ್ಕೆ ಗೊತ್ತಿರುವ ಸುಲಭ ಉಪಾಯ ಬೇಗ ಬೇಗ ಉಸಿರಾಡುವುದು. ಜ್ವರವನ್ನು ಪ್ಯಾರಾಸಿಟಮಾಲ್ ಇಳಿಸಬಲ್ಲದು, ಕೆಮ್ಮನ್ನು ಸಿರಪ್ಪು ಅಡಗಿಸಬಲ್ಲದು. ಗೂಡುಗಳು ತುಂಬಿರುವ ತನಕ ಉಸಿರಿನ ವೇಗವನ್ನು ಈ ಎರಡೂ ಮುಚ್ಚಿಡಲಾರವು. ನನ್ನ ಅಕ್ಕನ ಜ್ವರ ಬಿಟ್ಟಿತ್ತು. ಕಾಯಿಲೆ ಬಿಟ್ಟಿರಲಿಲ್ಲ.

ನ್ಯುಮೋನಿಯಾ ಇರುವ ವಯಸ್ಕರನ್ನು ಮನೆಯಲ್ಲಿಟ್ಟು ಉಪಚರಿಸಬಹುದೇ, ಆಸ್ಪತ್ರೆಗೆ ಸೇರಿಸಬೇಕೇ ಎಂದು ತೀರ್ಮಾನಿಸಲು ವೈದ್ಯರು ಬಳಸುವ ಒಂದು ಲೆಕ್ಕವಿದೆ. 2003ರಲ್ಲಿ ಪ್ರಕಟವಾದ ಅದನ್ನು ಕರ್ಬ್-65 ಎನ್ನುತ್ತಾರೆ. ರೋಗಿಗೆ ಹೊಸದಾಗಿ ಮಂಕು ಕವಿದಿದ್ದರೆ ಒಂದು ಅಂಕ, ರಕ್ತದಲ್ಲಿ ಯೂರಿಯಾ ಹೆಚ್ಚಿದ್ದರೆ ಒಂದು, ಉಸಿರು ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು, ಬಿಪಿ ಮೇಲಿನದು 90ಕ್ಕಿಂತ ಕಡಿಮೆ ಅಥವಾ ಕೆಳಗಿನದು 60 ಇಲ್ಲವೇ ಅದಕ್ಕೂ ಕಡಿಮೆ ಇದ್ದರೆ ಒಂದು, ವಯಸ್ಸು 65 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಒಂದು. ಸೊನ್ನೆ ಅಥವಾ ಒಂದು ಅಂಕ ಬಂದವರಲ್ಲಿ ಅನೇಕರನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಎರಡು ಬಂದರೆ ಆಸ್ಪತ್ರೆಯ ವಿಚಾರ ಮಾಡಬೇಕು, ಮೂರು ಮತ್ತು ಮೇಲೆ ಬಂದರೆ ಕಾಯಿಲೆ ತೀವ್ರವಾಗಿದೆ ಎಂದು ಅರ್ಥ. ಈ ಐದರಲ್ಲಿ ಮೂರನ್ನು, ಅಂದರೆ ವಯಸ್ಸು, ಮಂಕು ಮತ್ತು ಉಸಿರನ್ನು ತಿಳಿಯಲು ಗಡಿಯಾರವೊಂದಿದ್ದರೆ ಸಾಕು. ಅಕ್ಕನ ಮನೆಯಲ್ಲಿ, ಒಂದು ತೊಟ್ಟು ರಕ್ತ ತೆಗೆಯುವ ಮೊದಲೇ, ಅವಳ ಲೆಕ್ಕ ಮೂರಕ್ಕೆ ಮುಟ್ಟಿತ್ತು. ಕ್ಲಿನಿಕ್ಕಿಗೆ ಹೋದ ದಿನ ಅವಳ ಉಸಿರು ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ. ಆ ದಿನದ ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ತಾಪ ಇದೆ, ನಾಡಿ ಇದೆ, ಬಿಪಿ ಇದೆ. ಉಸಿರು ಬರೆಯಲು ಖಾನೆಯೇ ಇಲ್ಲ.

ಖಾನೆ ಇರುವ ಕಡೆಯೂ ಪರಿಸ್ಥಿತಿ ಹೆಚ್ಚು ಭಿನ್ನವಲ್ಲ ಎಂಬುದನ್ನು ವೃತ್ತಿಯಲ್ಲಿದ್ದವಳಾಗಿ ಒಪ್ಪಿಕೊಳ್ಳಬೇಕು. ವಾರ್ಡುಗಳಲ್ಲಿ ಹಾಸಿಗೆಯ ಬುಡಕ್ಕೆ ತೂಗುಹಾಕುವ ಪಟ್ಟಿಗಳಲ್ಲಿ ಸಾಲು ಸಾಲು ರೋಗಿಗಳಿಗೆ ಉಸಿರು 20, 20, 20 ಎಂದು ಬರೆದಿರುವುದನ್ನು ನಾನು ನೋಡಿದ್ದೇನೆ. ಮೂವತ್ತು ಹಾಸಿಗೆಗೆ ಇಬ್ಬರೇ ಇದ್ದ ರಾತ್ರಿ ಪಾಳಿಗಳಲ್ಲಿ ನಾನೂ ಹಾಗೆ ಬರೆದಿದ್ದೇನೆ. ಕೆಲವರು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಒಂದೇ ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕರ ವ್ಯತ್ಯಾಸ ಬೀಳುತ್ತದೆ. ನಮಗೆ ತರಬೇತಿ ಕೊಟ್ಟ ಹಿರಿಯ ಸಿಸ್ಟರ್ ಒಬ್ಬರು, ರೋಗಿಗೆ ಹೇಳಿ ಎಣಿಸಬೇಡಿ, ಹೇಳಿದರೆ ಅವರ ಉಸಿರೇ ಬದಲಾಗುತ್ತದೆ, ಮಣಿಕಟ್ಟು ಹಿಡಿದುಕೊಂಡೇ ಎದೆ ನೋಡಿ ಎನ್ನುತ್ತಿದ್ದರು. ಅಕ್ಕನ ಕೈ ಹಿಡಿದಾಗ ನೆನಪಾದದ್ದು ಅವರ ಆ ಪಾಠ.

ಮಕ್ಕಳ ವಿಷಯದಲ್ಲಿ ಈ ಎಣಿಕೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಎಕ್ಸ್‌ರೇ ಇಲ್ಲದ ಊರುಗಳಲ್ಲೂ ನ್ಯುಮೋನಿಯಾವನ್ನು ಗುರುತಿಸಲು ಸಾಧ್ಯವಾಗಲೆಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಆಧಾರವಾಗಿಟ್ಟುಕೊಂಡಿದೆ. ಕೆಮ್ಮಿರುವ ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರಿದ್ದರೆ ಅದು ವೇಗದ ಉಸಿರು. 2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಹಿಂದಿಯಲ್ಲಿ ಉಸಿರು ಎಂದೇ ಅರ್ಥ ಬರುವ 'ಸಾನ್ಸ್' ಅಭಿಯಾನವೂ ಮಕ್ಕಳ ನ್ಯುಮೋನಿಯಾವನ್ನು ಬೇಗ ಗುರುತಿಸುವುದಕ್ಕಾಗಿಯೇ ಬಂದದ್ದು. ತಾಯಂದಿರು ಮನೆಯಲ್ಲೇ ಎಣಿಸಬಹುದು. ಮಗು ಅಳುತ್ತಿರುವಾಗಲೋ ಹಾಲು ಕುಡಿಯುತ್ತಿರುವಾಗಲೋ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮಡಿಲಲ್ಲಿ ಶಾಂತವಾಗಿ ಮಲಗಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಮತ್ತು ಎದೆ ಸೇರುವ ಜಾಗವನ್ನು ನೋಡುತ್ತ ಪೂರ್ತಿ ಅರವತ್ತು ಸೆಕೆಂಡು ಎಣಿಸಬೇಕು, ಏಕೆಂದರೆ ಎಳೆಯ ಮಕ್ಕಳು ಒಂದಷ್ಟು ಹೊತ್ತು ಬೇಗ, ಒಂದಷ್ಟು ಹೊತ್ತು ನಿಧಾನ ಉಸಿರಾಡುತ್ತಾರೆ. ಉಸಿರು ಒಳಗೆಳೆದುಕೊಳ್ಳುವಾಗ ಪಕ್ಕೆಯ ಕೆಳಭಾಗ ಗುಳಿ ಬೀಳುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮಗು ಹಾಲು ಹಿಡಿಯದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಫಿಟ್ಸ್ ಬಂದರೆ, ತುಟಿ ನೀಲಿಗಟ್ಟಿದರೆ ಬೆಳಗಾಗುವ ತನಕ ಕಾಯುವಂತಿಲ್ಲ, 108ಕ್ಕೆ ಕರೆ ಮಾಡಬೇಕು.

ಉಸಿರು ಎಣಿಸಿದ ಮಾತ್ರಕ್ಕೆ ರೋಗನಿರ್ಣಯ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಉಬ್ಬಸದಲ್ಲೂ ಉಸಿರು ಹೆಚ್ಚುತ್ತದೆ, ಹೃದಯ ಸೋತಾಗಲೂ ಹೆಚ್ಚುತ್ತದೆ, ತೀವ್ರ ರಕ್ತಹೀನತೆಯಲ್ಲೂ ಹೆಚ್ಚುತ್ತದೆ. ಇನ್ನು ಮುಂದಿನದು ವೈದ್ಯರ ಕೆಲಸ. ಬಟ್ಟೆ ಸರಿಸಿ, ಬೆನ್ನಿನ ಎರಡೂ ಬದಿಗೆ ಮೇಲಿಂದ ಕೆಳತನಕ ಸ್ಟೆತಸ್ಕೋಪಿಟ್ಟು ಕೇಳಿದರೆ ಕೀವು ತುಂಬಿದ ಭಾಗದಲ್ಲಿ ಕಿವಿಯ ಬಳಿ ಕೂದಲೆಳೆಗಳನ್ನು ಉಜ್ಜಿದಂಥ ಚರಚರ ಸದ್ದು ಬರುತ್ತದೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದಿನ ಬದಲು ಮಂದ ಸದ್ದು ಬರುತ್ತದೆ. ಎಕ್ಸ್‌ರೇಯಲ್ಲಿ ಅದೇ ಜಾಗ ಬೆಳ್ಳಗೆ ಕಾಣುತ್ತದೆ. ಕಾಯಿಲೆಯ ಆರಂಭದಲ್ಲಿ ತೆಗೆದ ಎಕ್ಸ್‌ರೇ ಕೆಲವೊಮ್ಮೆ ಸ್ವಚ್ಛವಾಗಿಯೇ ಇರುವುದರಿಂದ ಅದೊಂದನ್ನೇ ನಂಬಿ ನ್ಯುಮೋನಿಯಾ ಇಲ್ಲವೆಂದು ರೋಗಿಯನ್ನು ಕಳುಹಿಸುವುದು ಸರಿಯಲ್ಲ. ರಕ್ತದ ಬಿಳಿಕಣಗಳ ಸಂಖ್ಯೆ ಮತ್ತು ದೇಹದಲ್ಲಿನ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಗಳು ಸಹಾಯಕ್ಕೆ ಬರುತ್ತವೆ, ಆದರೆ ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಕಡ್ಡಿ ಮುರಿದಂತೆ ಹೇಳಲು ಅವುಗಳಿಂದ ಆಗುವುದಿಲ್ಲ.

ಕಫದ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದು ಹಾಳಾಗುವುದು ಹೆಚ್ಚಾಗಿ ನಮ್ಮಂಥವರ ಕೈಯಲ್ಲಿ. ಡಬ್ಬಿ ಕೊಟ್ಟು "ಉಗಿದು ಕೊಡಿ" ಎಂದರೆ ರೋಗಿ ಎಂಜಲು ಉಗಿದು ಕೊಡುತ್ತಾರೆ. ಎಂಜಲಿನಲ್ಲಿ ಸಿಗುವುದು ಬಾಯಿಯ ಕ್ರಿಮಿಗಳೇ ಹೊರತು ಶ್ವಾಸಕೋಶದವಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೇಕು. ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯರು 1884ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಲ್ಲಿ ಕ್ರಿಮಿಗಳನ್ನು ಹುಡುಕುತ್ತಿದ್ದಾಗ ಅವರಿಗೆ ದಕ್ಕಿದ ವಿಧಾನ ಅದು. 140 ವರ್ಷಗಳ ನಂತರವೂ ನಮ್ಮ ಪ್ರಯೋಗಾಲಯಗಳಲ್ಲಿ ಅದೇ ನಡೆಯುತ್ತಿದೆ.

ಅಕ್ಕನನ್ನು ಸೇರಿಸಿಕೊಂಡ ಆಸ್ಪತ್ರೆಯಲ್ಲಿ ಕೆಲಸ ಕ್ರಮವಾಗಿ ನಡೆಯಿತು. ಮೊದಲು ಆಮ್ಲಜನಕ ಹಚ್ಚಿದರು. ಮೊದಲ ಇಂಜೆಕ್ಷನ್ ಕೊಡುವ ಮುಂಚೆ ಎರಡು ಕೈಗಳಿಂದಲೂ ಕ್ರಿಮಿ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದರು, ಆಮೇಲೆ ತಡಮಾಡದೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಕೊಟ್ಟು ಅದರ ಜೊತೆಗೆ ಅಜಿತ್ರೋಮೈಸಿನ್ ಸೇರಿಸಿದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗವಿಡೀ ಬೆಳ್ಳಗಿತ್ತು. ಎರಡು ದಿನ ಉಸಿರು ಮೂವತ್ತರ ಆಸುಪಾಸಿನಲ್ಲೇ ಇತ್ತು. ಮೂರನೆಯ ದಿನ 26ಕ್ಕೆ ಇಳಿಯಿತು, ಆ ಸಂಜೆ ಅವಳು ನನ್ನನ್ನು ನನ್ನ ಹೆಸರಿನಿಂದಲೇ ಕರೆದಳು. ಕಲ್ಚರಿನಲ್ಲಿ ಮಾತ್ರ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಮೊದಲೇ ನುಂಗಿದ್ದ ಮೂರು ಮಾತ್ರೆಗಳು ಅದಕ್ಕೆ ಕಾರಣವಿರಬಹುದು ಎಂದು ವೈದ್ಯರು ಹೇಳಿದರು. ಕಾಯಿಲೆ ವಾಸಿಮಾಡಲು ಸಾಲದಿದ್ದ ಆ ಮಾತ್ರೆಗಳು ಕಾಯಿಲೆಯ ಗುರುತನ್ನು ಅಳಿಸಿಹಾಕಲು ಸಾಕಾಗಿದ್ದವು.

ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ವಿಷಯಕ್ಕೆ ಬರುತ್ತೇನೆ. ಇದರಿಂದ ಎರಡು ಕಡೆಯಿಂದಲೂ ಹಾನಿ. ಬರಿಯ ನೆಗಡಿ ಮತ್ತು ವೈರಸ್ ಜ್ವರಕ್ಕೆ ಆಂಟಿಬಯೋಟಿಕ್ ನುಂಗುವವರಿಗೆ ಅದರಿಂದ ಯಾವ ಗುಣವೂ ಆಗುವುದಿಲ್ಲ. ದೇಹದಲ್ಲಿರುವ ಇತರ ಕ್ರಿಮಿಗಳು ಆ ಔಷಧಿಗೆ ಬಗ್ಗದಿರುವುದನ್ನು ಕಲಿಯುತ್ತವೆ. ನಿಜವಾಗಿ ನ್ಯುಮೋನಿಯಾ ಇರುವವರು ತಪ್ಪು ಔಷಧಿಯನ್ನೋ ಅರೆಬರೆ ಪ್ರಮಾಣವನ್ನೋ ತೆಗೆದುಕೊಂಡು, ಔಷಧಿ ನಡೆಯುತ್ತಿದೆ ಎಂಬ ಧೈರ್ಯದಲ್ಲಿ ಎರಡು ಮೂರು ದಿನ ಮನೆಯಲ್ಲೇ ಉಳಿಯುತ್ತಾರೆ. ಆ ಎರಡು ಮೂರು ದಿನವೇ ಬೆಲೆಬಾಳುವ ದಿನಗಳು. ಅಜಿತ್ರೋಮೈಸಿನ್ ಗುಂಪಿನ ಔಷಧಿಗಳಿಗೆ ನ್ಯುಮೊಕಾಕಸ್ ಹಲವೆಡೆ ಈಗಾಗಲೇ ಬಗ್ಗುತ್ತಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕಾನೂನು ಇಲ್ಲದೇ ಇಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್-1 ಅನುಸೂಚಿಯ ಪ್ರಕಾರ ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್ ಮೊದಲಾದ ಔಷಧಿಗಳನ್ನು ಕೊಡುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವೂ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು ಎಂಬುದೇ. ನಮ್ಮ ಬಡಾವಣೆಯಲ್ಲಿ ಆ ಪುಸ್ತಕವನ್ನು ತೆರೆದು ಬರೆದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಸರಿಯಾದ ಚಿಕಿತ್ಸೆ ದುಬಾರಿಯೇನೂ ಅಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಬೇರೆ ಕಾಯಿಲೆಗಳಿಲ್ಲದ, ತೀವ್ರತೆಯಿಲ್ಲದ ನ್ಯುಮೋನಿಯಾಕ್ಕೆ ಇವತ್ತಿಗೂ ಮೊದಲ ಆಯ್ಕೆಯ ಔಷಧಿಗಳಲ್ಲಿ ಒಂದು ಹಳೆಯ ಅಮಾಕ್ಸಿಸಿಲಿನ್. ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಹೊತ್ತು ತಪ್ಪದೆ ಕೊಟ್ಟರೆ ಅನೇಕ ಮಕ್ಕಳು ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವ ವಯಸ್ಕರಿಗೆ ಔಷಧಿಯ ಆಯ್ಕೆ ಬೇರೆಯಾಗುತ್ತದೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಹಿಂದೆ ಹದಿನಾಲ್ಕು ದಿನದ ಕೋರ್ಸು ಬರೆಯುವುದು ರೂಢಿಯಾಗಿತ್ತು. ಈಗ ಚೇತರಿಕೆ ಚೆನ್ನಾಗಿದ್ದರೆ ವಯಸ್ಕರಿಗೂ ಐದರಿಂದ ಏಳು ದಿನ ಸಾಕೆನ್ನುತ್ತಾರೆ. ಔಷಧಿ ಆರಂಭಿಸಿ 48ರಿಂದ 72 ಗಂಟೆ ಕಳೆದರೂ ಜ್ವರ ಮತ್ತು ಉಸಿರಿನ ವೇಗ ಇಳಿಯದಿದ್ದರೆ ಮತ್ತೆ ತೋರಿಸಲೇಬೇಕು. ಔಷಧಿ ಹೊಂದಿಲ್ಲದಿರಬಹುದು, ಶ್ವಾಸಕೋಶದ ಹೊರಪದರದಲ್ಲಿ ಕೀವು ಸೇರಿರಬಹುದು, ಅಥವಾ ಕಾಯಿಲೆಯೇ ಬೇರೆ ಇರಬಹುದು. ಒಂದು ಬಾಟಲಿ ಗ್ಲೂಕೋಸು ಏರಿಸಿಬಿಡಿ ಡಾಕ್ಟ್ರೇ ಎಂದು ಒತ್ತಾಯಿಸುವ ನಮ್ಮ ಅಭ್ಯಾಸದಿಂದ ಶ್ವಾಸಕೋಶಕ್ಕೆ ಯಾವ ಉಪಕಾರವೂ ಇಲ್ಲ. ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಅದನ್ನು ನಂಬಿಕೊಂಡು ವೈದ್ಯರನ್ನು ಕಾಣುವುದನ್ನು ಮುಂದೂಡಬಾರದು.

ಕಾಯಿಲೆಯೇ ಬೇರೆ ಇರಬಹುದು ಎಂದಾಗ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಕ್ಷಯ. ಲೆವೊಫ್ಲಾಕ್ಸಸಿನ್‌ನಂಥ ಔಷಧಿ ಕ್ಷಯದ ಕ್ರಿಮಿಯನ್ನೂ ಸ್ವಲ್ಪ ದಿನ ಅದುಮಿಡುತ್ತದೆ. ರೋಗಿ ಗುಣವಾದೆನೆಂದುಕೊಳ್ಳುತ್ತಾನೆ, ತಿಂಗಳು ಬಿಟ್ಟು ಮತ್ತೆ ಕೆಮ್ಮು, ಮತ್ತೆ ಜ್ವರ, ಅಷ್ಟರಲ್ಲಿ ಮನೆಯವರಿಗೂ ಅಂಟಿರುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫವನ್ನು ಕ್ಷಯಕ್ಕಾಗಿ ಪರೀಕ್ಷಿಸಲೇಬೇಕು. ಕಫದಲ್ಲಿ ಕ್ಷಯದ ಕ್ರಿಮಿಯನ್ನು ಪತ್ತೆಮಾಡಲು ಈಗ ಬಳಕೆಯಲ್ಲಿರುವ ಟ್ರೂನಾಟ್ ಯಂತ್ರದ ತಂತ್ರಜ್ಞಾನ ಬೆಳೆದದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲೇ. ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಮೊದಲ ವರ್ಷಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ಒಂದು ಅಧ್ಯಯನ ನಡೆಸಿದ್ದರು. ಕ್ಷಯವಿದ್ದ ಹಳ್ಳಿಯ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆರೋಗ್ಯ ಕೇಂದ್ರಕ್ಕೆ ಹೋಗಿದ್ದರು, ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ ಎಂಬುದು ಅದರಿಂದ ತಿಳಿದುಬಂತು. ರೋಗಿ ಬಾಗಿಲಿಗೆ ಬಂದಿದ್ದ, ಬಂದವನನ್ನು ಪರೀಕ್ಷಿಸಲಿಲ್ಲ. ಅಕ್ಕನ ಚೀಟಿಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಆ ಸೀಸೆ ನೆನಪಾಗುತ್ತದೆ.

ವಯಸ್ಸಾದವರು ಇರುವ ಮನೆಗಳಿಗೆ ಕೆಲವು ಮಾತು. ಮುಪ್ಪಿನಲ್ಲಿ ನ್ಯುಮೋನಿಯಾ ಜ್ವರವಿಲ್ಲದೆಯೂ ಬರುತ್ತದೆ, ಹೆಚ್ಚು ಕೆಮ್ಮಿಲ್ಲದೆಯೂ ಬರುತ್ತದೆ. ಊಟ ಬಿಡುವುದು, ಇದ್ದಕ್ಕಿದ್ದಂತೆ ಮಂಕಾಗುವುದು, ಬಚ್ಚಲಿಗೆ ಹೋಗುವಾಗ ಬೀಳುವುದು, ಸಂಬಂಧವಿಲ್ಲದ ಮಾತಾಡುವುದು, ಇವನ್ನು ವಯಸ್ಸಿನ ಅರಳುಮರಳು ಎಂದು ತಳ್ಳಿಹಾಕುವ ಮೊದಲು ಗಡಿಯಾರದ ಮುಂದೆ ಕೂತು ಉಸಿರು ಎಣಿಸಿ. ಡ್ರಾಯರಿನಲ್ಲಿ ಬಿದ್ದಿರುವ ಆಕ್ಸಿಮೀಟರಿಗೆ ಹೊಸ ಸೆಲ್ ಹಾಕಿಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವೋ ಮದರಂಗಿಯೋ ಇದ್ದರೆ ಅಂಕಿ ತಪ್ಪಬಹುದು, ಕೈ ಬೆಚ್ಚಗೆ ಮಾಡಿ ಇನ್ನೊಂದು ಬೆರಳಿಗೆ ಹಾಕಿ ನೋಡಿ. ಅಂಕಿ 95 ಇದ್ದು ಉಸಿರು ಮೂವತ್ತಿದ್ದರೆ ಉಸಿರನ್ನು ನಂಬಿ, ಯಂತ್ರವನ್ನಲ್ಲ. ಹಾಸಿಗೆ ಹಿಡಿದವರಿಗೆ ಮಲಗಿಸಿಯೇ ಗಂಜಿ ಕುಡಿಸುವ ಮನೆಗಳನ್ನು ಬಹಳ ನೋಡಿದ್ದೇನೆ. ಗಂಜಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ಅದರಿಂದಲೇ ನ್ಯುಮೋನಿಯಾ ಆಗುತ್ತದೆ. ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಕೊಟ್ಟು, ಆಮೇಲೂ ಅರ್ಧ ಗಂಟೆ ಕೂರಿಸಿಯೇ ಇರಬೇಕು.

ಲಸಿಕೆಯ ವಿಷಯ ಎಲ್ಲರಿಗೂ ತಿಳಿದಿರಬೇಕು. ನ್ಯುಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಕೇಂದ್ರಗಳಲ್ಲಿ ಮಕ್ಕಳಿಗೆ ಉಚಿತ, ಆರು ವಾರಕ್ಕೆ ಒಂದು, ಹದಿನಾಲ್ಕು ವಾರಕ್ಕೆ ಒಂದು, ಒಂಬತ್ತು ತಿಂಗಳಿಗೆ ಒಂದು. ದೊಡ್ಡವರಿಗೆ ಆ ಸೌಲಭ್ಯವಿಲ್ಲ, ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ಹಿರಿಯರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನೂ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಸರ್ಕಾರವೇ ಒದಗಿಸಿದರೆ ಆಸ್ಪತ್ರೆಯ ಖರ್ಚಿಗಿಂತ ಅಗ್ಗವಾಗುತ್ತದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಸಂಜೆ ಎರಡು ಗಂಟೆಯಲ್ಲಿ ಅರವತ್ತು ರೋಗಿಗಳನ್ನು ನೋಡುವ ವೈದ್ಯರು, ಒಬ್ಬೊಬ್ಬರಿಗೂ ಒಂದು ನಿಮಿಷ ಎಣಿಸುತ್ತ ಕೂತರೆ ಒಂದು ಗಂಟೆ ಅದಕ್ಕೇ ಹೋಗುತ್ತದೆ ಎಂದು ಕೇಳಬಹುದು. ಅವರ ಮಾತು ನ್ಯಾಯವಾದದ್ದೇ. ಆದ್ದರಿಂದ ನನ್ನ ಬೇಡಿಕೆ ವೈದ್ಯರಿಗಿಂತ ಹೆಚ್ಚಾಗಿ ವ್ಯವಸ್ಥೆ ನೋಡಿಕೊಳ್ಳುವವರಲ್ಲಿ. ಎಲ್ಲ ರೋಗಿಗಳಿಗೂ ಬೇಡ, ಕೆಮ್ಮು ಅಥವಾ ಜ್ವರ ಎಂದು ಬಂದವರಿಗೆ ಮಾತ್ರ ಸಾಕು. ತೂಕ ಮತ್ತು ಬಿಪಿ ನೋಡುವ ಸಿಸ್ಟರೇ ಎಣಿಸಲಿ. ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿ ಇಳಿಸುವಷ್ಟೇ ಹೊತ್ತು ಬೇಕು. ನಗರದ ವಾರ್ಡುಗಳಲ್ಲಿ ಸರ್ಕಾರ ತೆರೆದಿರುವ 'ನಮ್ಮ ಕ್ಲಿನಿಕ್'‌ಗಳಿಂದಲೂ ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದಲೂ ಇದನ್ನು ಆರಂಭಿಸಬಹುದು. ಯಂತ್ರ ಕೊಳ್ಳಬೇಕಿಲ್ಲ, ಟೆಂಡರು ಕರೆಯಬೇಕಿಲ್ಲ. ಪ್ರತಿ ಕೊಠಡಿಯಲ್ಲಿ ಸೆಕೆಂಡು ಮುಳ್ಳಿರುವ ಗೋಡೆ ಗಡಿಯಾರವೊಂದು ಇರಲಿ. ಮುಂದಿನ ಸಲ ಹೊರರೋಗಿ ಚೀಟಿಗಳನ್ನು ಅಚ್ಚು ಹಾಕಿಸುವಾಗ ತಾಪ, ನಾಡಿ, ಬಿಪಿ, ತೂಕದ ಪಕ್ಕದಲ್ಲಿ "ಉಸಿರು, ನಿಮಿಷಕ್ಕೆ" ಎಂದು ಇನ್ನೊಂದು ಖಾನೆ ಸೇರಿಸಲಿ. ಖಾನೆ ಖಾಲಿ ಇದ್ದರೆ ಕೇಳುವ ಹಕ್ಕು ರೋಗಿಯ ಮನೆಯವರಿಗೂ ಇರಲಿ. ಖಾಸಗಿ ಕ್ಲಿನಿಕ್ಕಿನವರೂ ಇದನ್ನು ಅನುಸರಿಸಬೇಕೆಂದು ವಿನಂತಿಸುತ್ತೇನೆ.

ಅಕ್ಕ ಒಂಬತ್ತನೆಯ ದಿನ ಮನೆಗೆ ಬಂದಳು. ಮೊದಲಿನ ಹಾಗೆ ಮೆಟ್ಟಿಲು ಹತ್ತಲು ಎರಡು ತಿಂಗಳು ಬೇಕಾಯಿತು, ಎಕ್ಸ್‌ರೇ ಪೂರ್ತಿ ತಿಳಿಯಾದದ್ದು ಎಂಟನೆಯ ವಾರದಲ್ಲಿ. ಈ ವರ್ಷ ಮಳೆ ಶುರುವಾಗುವ ಮೊದಲೇ ಎರಡೂ ಲಸಿಕೆ ಹಾಕಿಸಿದ್ದೇವೆ. ಹುಡುಗ ಅಮ್ಮನ ಮಂಚದ ಎದುರಿನ ಗೋಡೆಗೆ ಗಡಿಯಾರವನ್ನು ಸ್ಥಳಾಂತರಿಸಿ, ಅದರ ಕೆಳಗೆ ಒಂದು ಹಾಳೆ ಅಂಟಿಸಿದ್ದಾನೆ. ನೆಗಡಿಯಾದ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎಣಿಸಿ ಬರೆಯುತ್ತಾನೆ. ಕಳೆದ ವಾರ ಅವಳಿಗೆ ಮತ್ತೆ ಶೀತವಾಗಿತ್ತು. ಐದು ದಿನದ ಅಂಕಿಗಳನ್ನು ನಾನು ನೋಡಿದೆ: 18, 18, 20, 19, 18. ಈ ಸಲ ಆಂಟಿಬಯೋಟಿಕ್ ಕೊಳ್ಳಲಿಲ್ಲ.

ಇತಿ,
ನಿವೃತ್ತ ಶುಶ್ರೂಷಕಿ,
ಹನುಮಂತನಗರ, ಬೆಂಗಳೂರು